ಆಟಿಕೆಯ ನೌಕೆಗೆ ಬಣ್ಣ ಬೇಕೇ?

‘ಬಿ.ಎ. ಓದುವವನಿಗೆ ಆಟಿಕೆಯೇ?’ ಎಂದು ಹಾಸ್ಟೆಲಿನ ಮಿತ್ರರು ನಕ್ಕರು. ನಗಲಿ! ನಾನು ಜೋಡಿಸುತ್ತಿದ್ದುದು ಜಪಾನಿನ ಬಂಡಾಯ್ ಸಂಸ್ಥೆಯ ಎಕ್ಸ್-ವಿಂಗ್. 1977ರ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿನ ಅಂತರಿಕ್ಷನೌಕೆಯ 1/72 ಅಳತೆಯ ಪ್ಲಾಸ್ಟಿಕ್ ಮಾದರಿ. ಅಂಟು ಬೇಡ, ಚೌಕಟ್ಟಿನಿಂದ ಬಿಡಿಭಾಗಗಳನ್ನು ಕತ್ತರಿಸಿ ಒತ್ತಿದರೆ ಕೂಡಿಕೊಳ್ಳುತ್ತವೆ. ಬಣ್ಣವೂ ಬೇಡವೆಂಬುದು ಕೆಲವರ ಮತ. ನಾನಿದನ್ನು ಒಪ್ಪಲಾರೆ. ಬಣ್ಣ ಕಾಣದ ನೌಕೆ ಅಂಗಡಿಯಿಂದ ಈಗತಾನೆ ತಂದ ಸೋಪಿನ ಡಬ್ಬಿಯಂತಿರುತ್ತದೆ. ಆ ಚಿತ್ರಕ್ಕಾಗಿ ನೌಕೆಗಳನ್ನು ಮಾಡಿದವರು ಅಂಗಡಿಯಲ್ಲಿ ಸಿಗುವ ಟ್ಯಾಂಕು, ವಿಮಾನಗಳ ಮಾದರಿಗಳಿಂದ ತುಂಡುಗಳನ್ನು ತೆಗೆದು ಅಂಟಿಸಿದರು. ಮೇಲೆ ಮಸಿ, ಗೀರು, ಕೊಳೆ ಬಳಿದರು. ಆದುದರಿಂದಲೇ ಎಂದೂ ಇಲ್ಲದ ಯಂತ್ರವು ಹತ್ತಾರು ವರ್ಷ ದುಡಿದು ದಣಿದಂತೆ ಕಂಡಿತು.

ನಾನೂ ಕಪ್ಪು ಬಣ್ಣವನ್ನು ನೀರಾಗಿ ಕಲಸಿ ಸಂದುಗಳಿಗೆ ಹರಿಸಿದೆ. ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿದೆ. ಗೆರೆಗಳೆಲ್ಲ ಎದ್ದುಬಂದವು. ಅವಸರದಲ್ಲಿ ಒಂದು ರೆಕ್ಕೆಯ ಮೇಲೆ ನನ್ನ ಹೆಬ್ಬೆರಳಿನ ಗುರುತು ಉಳಿದುಹೋಯಿತು. ಅಳಿಸಲು ಮನಸ್ಸು ಬಾರದೆ ಬಿಟ್ಟೆ. ಮೊದಲು ನಕ್ಕಿದ್ದ ಮಿತ್ರನೇ ಮರುದಿನ ಅದನ್ನು ಬಹಳ ಹೊತ್ತು ನೋಡಿ, ‘ಏಟು ಬಿದ್ದದ್ದು ಇಲ್ಲಿಯೇ ಏನಯ್ಯಾ?’ ಎಂದು ಕೇಳಿದ.