ಹಳದಿ ದೀಪಕ್ಕೂ ವಿಚಾರಣೆ ಬೇಕು



ಗ್ಲಾಸು ಒಡೆದವರು ಯಾರೆಂದು ಕೇಳದೆ ಒಬ್ಬ ಹುಡುಗನ ಪಗಾರದಲ್ಲಿ ಹಣ ಮುರಿದರೆ ನಾವು ಸುಮ್ಮನಿರುವುದಿಲ್ಲ. ಮೊದಲು ವಿಚಾರಣೆ, ಆಮೇಲೆ ಶಿಕ್ಷೆ ಎಂದು ಪಟ್ಟು ಹಿಡಿಯುತ್ತೇವೆ. ಹೋಟೆಲಿನಲ್ಲಾಗಲಿ ಗಿರಣಿಯಲ್ಲಾಗಲಿ ಇದೇ ನಮ್ಮ ನ್ಯಾಯ. ಆದರೆ ಗ್ಯಾರೇಜಿನ ಬಾಗಿಲಲ್ಲಿ ನಮ್ಮವರು ಈ ನ್ಯಾಯವನ್ನು ಕೇಳುವುದೇ ಇಲ್ಲ.

ಕಾಸಿಗೆ ಕಾಸು ಕೂಡಿಸಿ, ಊರಿನಲ್ಲಿ ಹೆಂಡತಿಯ ಬಂಗಾರ ಅಡವಿಟ್ಟು, ನಮ್ಮ ಬಂಧುಗಳು ಹಳೆಯ ಟ್ಯಾಕ್ಸಿಯನ್ನೋ ಅಡುಗೆಯ ಪಾತ್ರೆ ಸಾಗಿಸುವ ವ್ಯಾನನ್ನೋ ಕೊಳ್ಳುತ್ತಾರೆ. ಕೆಲವು ದಿನಗಳಲ್ಲಿ ಸ್ಟಿಯರಿಂಗಿನ ಎದುರು ಎಂಜಿನ್ ಚಿತ್ರದ ಹಳದಿ ದೀಪ ಹತ್ತುತ್ತದೆ. ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚಿ ನೋಡುತ್ತಾನೆ. ಪಿ 0420 ಎಂಬ ಸಂಖ್ಯೆ ಬರುತ್ತದೆ. "ಕ್ಯಾಟಲಿಟಿಕ್ ಕನ್ವರ್ಟರ್ ಹೋಯಿತು, ಬದಲಾಯಿಸಬೇಕು" ಎನ್ನುತ್ತಾನೆ. ಕಂಪನಿಯ ಹೊಸ ಕನ್ವರ್ಟರಿನ ಬೆಲೆಯೆಂದರೆ ನಮ್ಮವರ ಹಲವು ತಿಂಗಳ ಪಗಾರ.

ಈ ಕನ್ವರ್ಟರ್ ಎಂದರೇನು? ಎಂಜಿನ್ನಿನ ಹೊಗೆ ಹೋಗುವ ಹಾದಿಯಲ್ಲಿರುವ ಲೋಹದ ಡಬ್ಬಿ. ಒಳಗೆ ಜೇನುಗೂಡಿನಂಥ ಪಿಂಗಾಣಿ; ಅದರ ಮೇಲೆ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಎಂಬ ಬೆಲೆಬಾಳುವ ಲೋಹಗಳ ತೆಳು ಲೇಪ. ಹೊಗೆಯಲ್ಲಿನ ವಿಷವನ್ನು ಇದು ಬಹುಮಟ್ಟಿಗೆ ಮುರಿಯುತ್ತದೆ. ಮುಂಬಯಿಯೂ ಸೇರಿ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಇದು 1995ರ ಏಪ್ರಿಲಿನಿಂದ ಕಡ್ಡಾಯವಾಯಿತು.

ಡಬ್ಬಿಯ ಮುಂದೊಂದು, ಹಿಂದೊಂದು ಆಮ್ಲಜನಕ ಅಳೆಯುವ ಸೆನ್ಸರ್ ಇರುತ್ತದೆ. ಸಾಮಾನ್ಯ ಬಗೆಯ ಸೆನ್ಸರಾದರೆ, ಮುಂದಿನದರ ಅಳತೆ ಸದಾ ಮೇಲೆ ಕೆಳಗೆ ಹಾರುತ್ತಿರುತ್ತದೆ. ಹಿಂದಿನದು ಹೆಚ್ಚುಕಡಿಮೆ ನಿಶ್ಚಲವಾಗಿರಬೇಕು. ಹಿಂದಿನದೂ ಹಾಗೆಯೇ ಹಾರತೊಡಗಿದರೆ ಡಬ್ಬಿ ಸರಿಯಾಗಿ ದುಡಿಯುತ್ತಿಲ್ಲವೆಂದು ಗಾಡಿಯ ಕಂಪ್ಯೂಟರ್ ಅನುಮಾನಿಸಿ ಈ ಸಂಖ್ಯೆಯನ್ನು ಬರೆದಿಡುತ್ತದೆ. ಇದು ದೂರು ಮಾತ್ರ, ತೀರ್ಪಲ್ಲ.

ಹಾಗಾದರೆ ವಿಚಾರಣೆ ಹೇಗೆ ನಡೆಯಬೇಕು? ಮೊದಲು, ಜೊತೆಯಲ್ಲಿ ಬೇರೆ ಸಂಖ್ಯೆಗಳಿವೆಯೇ ನೋಡಲಿ. ಎಂಜಿನ್ ಮಿಸ್ ಹೊಡೆಯುತ್ತಿದ್ದರೆ ಸುಡದ ಇಂಧನ ಡಬ್ಬಿಯೊಳಗೆ ಹೋಗಿ ಉರಿದು ಪಿಂಗಾಣಿಯನ್ನೇ ಕರಗಿಸುತ್ತದೆ. ದೀಪ ಮಿಣಮಿಣನೆ ಮಿಟುಕಿದರೆ ಈ ಅಪಾಯವಿದೆಯೆಂದು ತಿಳಿದು, ಗಾಡಿಯನ್ನು ಜೋರಾಗಿ ಓಡಿಸದೆ ಬೇಗ ತೋರಿಸಬೇಕು. ಎರಡನೆಯದು, ಹೊಗೆ ಕೊಳವೆಯ ಕೂಡುಗಳಲ್ಲಿ ಸೋರಿಕೆಯಿದೆಯೇ? ಸೋರುವ ಕಡೆಯಿಂದ ಹೊರಗಿನ ಗಾಳಿ ನುಗ್ಗಿ ಸೆನ್ಸರಿಗೆ ಸುಳ್ಳು ಹೇಳುತ್ತದೆ. ಗ್ಯಾಸ್ಕೆಟ್ ಹಾಕಿದರೆ ಮುಗಿಯುವ ಕೆಲಸಕ್ಕೆ ಡಬ್ಬಿ ಬದಲಾಯಿಸಿದ ಹಾಗಾಗುತ್ತದೆ. ಮೂರನೆಯದು, ಎಂಜಿನ್ ಬೆಚ್ಚಗಾದ ಮೇಲೆ ಎರಡು ಸೆನ್ಸರುಗಳ ಅಳತೆಯನ್ನೂ ಸ್ಕ್ಯಾನರಿನಲ್ಲಿ ಕಣ್ಣೆದುರೇ ತೋರಿಸಲಿ. ನಾಲ್ಕನೆಯದು, ಎಂಜಿನ್ ಆಯಿಲ್ ಕುಡಿಯುತ್ತಿದೆಯೇ, ಕೂಲೆಂಟ್ ಕಡಿಮೆಯಾಗುತ್ತಿದೆಯೇ ಪರೀಕ್ಷಿಸಲಿ. ಮೂಲ ರೋಗ ಉಳಿದರೆ ಹೊಸ ಡಬ್ಬಿಯೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಇಷ್ಟೆಲ್ಲ ಸರಿಯಿದ್ದೂ ದೂರು ನಿಂತರೆ ಆಗ ಡಬ್ಬಿಯೇ ಅಪರಾಧಿ, ಬದಲಾಯಿಸಲೇಬೇಕು.

ಕೊಳ್ಳುವವರಿಗೆ ಇನ್ನೊಂದು ಮಾತು. ಮಾರುವವನು ಮುಂಜಾನೆ ಸ್ಕ್ಯಾನರಿನಿಂದ ಸಂಖ್ಯೆ ಅಳಿಸಿದರೆ ಮಧ್ಯಾಹ್ನ ನಿಮಗೆ ದೀಪ ಕಾಣುವುದಿಲ್ಲ. ಆದರೆ ಅಳಿಸಿದ ಗುರುತು ಉಳಿಯುತ್ತದೆ: ಗಾಡಿ ತನ್ನನ್ನು ತಾನು ಪರೀಕ್ಷಿಸಿ ಮುಗಿಸಿದೆಯೇ ಎಂಬುದನ್ನು ಸ್ಕ್ಯಾನರ್ ಹೇಳುತ್ತದೆ. ಕ್ಯಾಟಲಿಸ್ಟ್ ಪರೀಕ್ಷೆ ಮುಗಿದಿಲ್ಲವೆಂದು ಬಂದರೆ ಮುಂಗಡ ಕೊಡಬೇಡಿ. ಕೆಲವು ದಿನ ಓಡಿಸಿ ಮತ್ತೆ ತೋರಿಸು ಎನ್ನಿ. ಪಿ.ಯು.ಸಿ. ಚೀಟಿ ಇದೆಯೆಂದು ಮರುಳಾಗಬೇಡಿ. ಆ ಪರೀಕ್ಷೆ ಕೊಳವೆಯ ತುದಿಯ ಹೊಗೆಯನ್ನಷ್ಟೇ ನೋಡುತ್ತದೆ, ಕಂಪ್ಯೂಟರಿನ ದೂರನ್ನು ಓದುವುದಿಲ್ಲ.

"ಡಬ್ಬಿ ಕಿತ್ತು ಬರಿಯ ಪೈಪು ಹಾಕೋಣ, ಅಗ್ಗ" ಎನ್ನುವವರೂ ಇದ್ದಾರೆ. ಆ ಡಬ್ಬಿಯೊಳಗಿನ ಲೋಹಕ್ಕೆ ಬೆಲೆಯಿದೆಯೆಂಬುದು ಅವರಿಗೆ ಗೊತ್ತು. ಅಂಥ ಗಾಡಿಯ ವಿಷವನ್ನು ಕುಡಿಯುವವರು ಮಲಬಾರ್ ಹಿಲ್‌ನವರಲ್ಲ. ರಸ್ತೆ ಬದಿಯಲ್ಲಿ ಒಲೆಯ ಮುಂದೆ ನಿಂತ ನಮ್ಮ ಅಣ್ಣ ತಮ್ಮಂದಿರು. ಉಳಿತಾಯದ ಹೆಸರಿನಲ್ಲಿ ಈ ದ್ರೋಹ ಬೇಡ.

ಒಬ್ಬೊಬ್ಬರೇ ಹೋದರೆ ಎಲ್ಲರೂ ಮೋಸ ಹೋಗುತ್ತೇವೆ. ಸಾಧಾರಣ ಸ್ಕ್ಯಾನರಿಗೆ ಹೆಚ್ಚಿನ ಬೆಲೆಯಿಲ್ಲ. ಪ್ರತಿ ಸಂಘದ ಕಚೇರಿಯಲ್ಲೂ ಒಂದಿರಲಿ. ಉಪಯೋಗಿಸಲು ಇಬ್ಬರು ತರುಣರು ಕಲಿಯಲಿ. ರಿಪೇರಿಗೆ ಮುಂಚೆ ಕಾರಣವನ್ನು ಬರೆಯಿಸಿಕೊಳ್ಳೋಣ, ಆದ ಮೇಲೆ ಬಿಲ್ಲನ್ನೂ ಹಳೆಯ ಭಾಗವನ್ನೂ ಕೇಳಿ ಪಡೆಯೋಣ. ಪ್ರಾಮಾಣಿಕ ಮೆಕ್ಯಾನಿಕ್ ಇದಕ್ಕೆ ಬೇಸರಪಡುವುದಿಲ್ಲ; ಅವನೂ ನಮ್ಮ ಹಾಗೆ ದುಡಿದು ತಿನ್ನುವವನೇ. ಪುರಾವೆ ತೋರಿಸದೆ ಹಣ ಕೇಳುವವನಿಗೆ ಮಾತ್ರ ಒಂದೇ ಉತ್ತರ: ಮೊದಲು ವಿಚಾರಣೆ, ಆಮೇಲೆ ಹಣ.