ಪುರಪಿತೃಗಳಿಲ್ಲದ ಪುರ

ಸರ್ಕಾರವೆಂಬುದು ಸಾಮಾನ್ಯ ಗೃಹಸ್ಥನ ಪಾಲಿಗೆ ಬಹು ದೂರದ ವಸ್ತು. ದೆಹಲಿಯಲ್ಲಿ ಯಾರು ಮಂತ್ರಿಯಾದರು, ವಿಧಾನಸೌಧದಲ್ಲಿ ಯಾವ ಮಸೂದೆ ಅಂಗೀಕೃತವಾಯಿತು ಎಂಬ ಸುದ್ದಿಯನ್ನು ಅವನು ಬೆಳಗಿನ ಕಾಫಿಯೊಂದಿಗೆ ಓದುತ್ತಾನೆ. ಲೋಟ ಬರಿದಾಗುವ ಹೊತ್ತಿಗೆ ಮರೆಯುತ್ತಾನೆ. ಆದರೆ ಆ ಸರ್ಕಾರವು ಮನೆಯ ಹೊಸ್ತಿಲಿಗೇ ಬಂದು ನಿಲ್ಲುವ ವೇಳೆಗಳೂ ಉಂಟು. ಮಳೆ ಹೊಯ್ದ ರಾತ್ರಿ ಮೋರಿಯ ನೀರು ಮೆಟ್ಟಿಲೇರಿದಾಗ, ಬೀದಿಯ ದೀಪ ಮೂರು ವಾರದಿಂದ ಕಣ್ಣು ಮುಚ್ಚಿರುವಾಗ, ಮೂಲೆಯ ಖಾಲಿ ನಿವೇಶನದಲ್ಲಿ ಕಸ ಗುಡ್ಡೆಯಾಗಿ ನಾಯಿಗಳ ಸಂತರ್ಪಣೆ ನಡೆಯುವಾಗ, ಆ ಗೃಹಸ್ಥನಿಗೆ ರಾಜ್ಯಶಾಸ್ತ್ರದ ಮೊತ್ತಮೊದಲನೆಯ ಪ್ರಶ್ನೆ ಎದುರಾಗುತ್ತದೆ. ಇದನ್ನು ಯಾರಿಗೆ ಹೇಳಬೇಕು?

ಈ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ ಸಂಸ್ಥೆಯೇ ಪೌರಸಭೆ. ಬೆಂಗಳೂರಿನಲ್ಲಿ ಅದರ ಕಥೆ 1862ರಷ್ಟು ಹಿಂದಿನದು. 1850ರ ಪಟ್ಟಣ ಸುಧಾರಣೆಯ ಕಾಯಿದೆಯ ಆಧಾರದ ಮೇಲೆ ಆ ವರ್ಷ ಪೇಟೆಗೊಂದು, ದಂಡಿನ ಪ್ರದೇಶಕ್ಕೊಂದು, ಹೀಗೆ ಎರಡು ಪೌರಸಭೆಗಳು ಏರ್ಪಟ್ಟವು. ಮೊದಮೊದಲು ಸರ್ಕಾರ ಆರಿಸಿ ಕೂರಿಸಿದವರದೇ ಅಲ್ಲಿ ಕಾರುಬಾರು. ಜನರು ಚುನಾಯಿಸಿದವರಿಗೆ ಸ್ಥಾನ ದೊರೆತದ್ದು ಕ್ರಮಕ್ರಮವಾಗಿ. ಊರು ದೊಡ್ಡದಾದಂತೆ ಕೆರೆಯ ನೀರು ಸಾಲದೆ, 1896ರ ವೇಳೆಗೆ ಅರ್ಕಾವತಿಯ ನೀರು ಹೆಸರಘಟ್ಟದಿಂದ ಕೊಳಾಯಿಗಳಿಗೆ ಬಂದಿತು. 1898ರಲ್ಲಿ ಪ್ಲೇಗು ಮಾರಿ ಬಂದೆರಗಿ, ಇಕ್ಕಟ್ಟಾದ ಮನೆ, ಕೊಳೆತ ಚರಂಡಿಗಳು ಸಾವಿನ ದಾರಿಗಳೆಂಬುದನ್ನು ಊರಿಗೆಲ್ಲ ಕಲಿಸಿತು. ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳು ಬೆಳೆದದ್ದು ಆ ಕಾಲದ ಪಾಠದಿಂದಲೇ. ಬಡವನ ಬೀದಿಯ ಮೋರಿಯನ್ನು ಶುಚಿಮಾಡದಿದ್ದರೆ ಶ್ರೀಮಂತನ ಮಾಳಿಗೆಗೂ ಕ್ಷೇಮವಿಲ್ಲ ಎಂಬ ಈ ಪಾಠ ಇಂದಿಗೂ ಹಳೆಯದಾಗಿಲ್ಲ.

1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಬಂದಿತು. ಪೌರಸಭೆಯ ಅಧ್ಯಕ್ಷರಾಗಿದ್ದ ಸರ್ ಕೆ.ಪಿ. ಪುಟ್ಟಣ್ಣಚೆಟ್ಟರ ಹೆಸರನ್ನು ಹೊತ್ತ ಪುರಭವನ 1935ರಲ್ಲಿ ಎದ್ದು ನಿಂತಿತು. ಸ್ವಾತಂತ್ರ್ಯ ಬಂದ ಬಳಿಕ, 1949ರ ಡಿಸೆಂಬರಿನಲ್ಲಿ ಪೇಟೆಯೂ ದಂಡೂ ಒಂದಾಗಿ ಕಾರ್ಪೊರೇಷನ್ ಜನ್ಮ ತಾಳಿತು. ಮರುವರ್ಷವೇ ಚುನಾವಣೆ ನಡೆಯಿತು. ಅಲ್ಲಿಗೆ ಬಂದು ಕುಳಿತ ಸದಸ್ಯರನ್ನು ಪತ್ರಿಕೆಗಳು ಗೌರವದಿಂದಲೋ ಪರಿಹಾಸ್ಯದಿಂದಲೋ 'ಪುರಪಿತೃಗಳು' ಎಂದು ಕರೆದವು. ಹೆಸರು ಕೊಂಚ ಭಾರವಾದರೂ ಅದರ ಅರ್ಥ ಸರಿಯಾದುದೇ. ಮನೆಯ ತಂದೆ ಮಕ್ಕಳಿಗೆ ಸಿಕ್ಕುವಂತೆ, ಊರಿನ ತಂದೆ ಊರಿನವರ ಕೈಗೆ ಸಿಕ್ಕುವವನಾಗಿರಬೇಕು.

ಈ ಕೈಗೆ ಸಿಕ್ಕುವಿಕೆಯೇ ಪೌರಸಭೆಯ ಜೀವ. ಅಧಿಕಾರಿಗೂ ಸದಸ್ಯನಿಗೂ ಇರುವ ವ್ಯತ್ಯಾಸವು ಯೋಗ್ಯತೆಯದಲ್ಲ. ಅಧಿಕಾರಿಯು ಹೆಚ್ಚು ಓದಿದವನಿರಬಹುದು, ನಿಷ್ಠಾವಂತನೂ ಇರಬಹುದು. ಆದರೆ ಅವನು ಉತ್ತರ ಕೊಡಬೇಕಾದದ್ದು ಮೇಲಿನವರಿಗೆ. ವರ್ಗವಾಗಿ ಹೋದರೆ ಆ ಮೋರಿಯೂ ಅವನದಲ್ಲ, ಆ ಬೀದಿಯೂ ಅವನದಲ್ಲ. ಸದಸ್ಯನಾದರೋ ಅದೇ ಬಡಾವಣೆಯ ನಿವಾಸಿ. ಅವನ ಮನೆಯ ಮುಂದಿನ ರಸ್ತೆಯೂ ಅದೇ ಮಳೆಗೆ ಕಿತ್ತುಹೋಗುತ್ತದೆ. ತರಕಾರಿ ಅಂಗಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ, ರಾಮನವಮಿಯ ಪಾನಕದ ಚಪ್ಪರದಲ್ಲಿ ಅವನನ್ನು ಹಿಡಿದು ನಿಲ್ಲಿಸಿ, 'ನಮ್ಮ ಬೀದಿಯ ದೀಪದ ವಿಷಯ ಏನಾಯಿತು ಸ್ವಾಮಿ?' ಎಂದು ಕೇಳಬಹುದು. ಅವನು ನುಣುಚಿಕೊಂಡಾನು; ಆದರೂ ಐದು ವರ್ಷಕ್ಕೊಮ್ಮೆ ಕೈಮುಗಿದು ಅದೇ ಬಾಗಿಲಿಗೆ ಬರಲೇಬೇಕು. ಈ ಒಂದು ಭಯವಿಲ್ಲದ ಕಡೆ ಆಡಳಿತವಿರಬಹುದು, ಸ್ವಯಮಾಡಳಿತವಿರದು.

ಇಂಥ ಸಭೆಗಳು ಸರ್ಕಾರದ ಮರ್ಜಿಗೆ ಸಿಕ್ಕಿ ಮುಚ್ಚಿಹೋಗಬಾರದೆಂದೇ 1992ರಲ್ಲಿ ಸಂವಿಧಾನದ 74ನೆಯ ತಿದ್ದುಪಡಿಯಾಯಿತು. 1993ರ ಜೂನ್ 1ರಂದು ಅದು ಜಾರಿಗೆ ಬಂದಿತು. ಪೌರಸಭೆಯ ಅವಧಿ ಐದು ವರ್ಷ. ಅದು ಮುಗಿಯುವುದರೊಳಗೆ ಮುಂದಿನ ಚುನಾವಣೆ ನಡೆದಿರಬೇಕು. ನಡುವೆ ವಿಸರ್ಜಿಸಿದರೆ ಆರು ತಿಂಗಳೊಳಗೆ ನಡೆಯಬೇಕು. ಇದು ತಿದ್ದುಪಡಿಯ ಸ್ಪಷ್ಟವಾದ ಮಾತು. ಚುನಾವಣೆಯನ್ನು ಕಾಲಕ್ಕೆ ಸರಿಯಾಗಿ ನಡೆಸುವುದು ಚುನಾವಣಾ ಆಯೋಗದ ಕರ್ತವ್ಯವೆಂದು 2006ರಲ್ಲಿ ಅಹಮದಾಬಾದಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಒತ್ತಿ ಹೇಳಿತು.

ಆದರೆ ನಡೆದದ್ದೇನು? ಬೆಂಗಳೂರಿನ ಪಾಲಿಕೆಯ ಅವಧಿ ಅದೇ 2006ರ ನವೆಂಬರಿನಲ್ಲಿ ಮುಗಿಯಿತು. ಸುತ್ತಲಿನ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ 110 ಹಳ್ಳಿಗಳನ್ನೂ ಕೂಡಿಸಿಕೊಂಡು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚಿತವಾಯಿತು. ದೇಹ ಬೃಹತ್ತಾಯಿತು, ಅದಕ್ಕೆ ಬಾಯಿ ಬಂದದ್ದು ಮಾತ್ರ 2010ರ ಮಾರ್ಚಿನಲ್ಲಿ, 198 ವಾರ್ಡುಗಳಿಗೆ ಚುನಾವಣೆ ನಡೆದ ಮೇಲೆ. 2015ರ ಆಗಸ್ಟಿನಲ್ಲಿ ಮತ್ತೊಂದು ಚುನಾವಣೆಯಾಗಿ, ಆ ಸಭೆಯ ಅವಧಿ 2020ರ ಸೆಪ್ಟೆಂಬರ್ 10ರಂದು ತೀರಿತು. ಅನಂತರ ಬಂದವರು ಆಡಳಿತಾಧಿಕಾರಿಗಳು.

ಅಲ್ಲಿಂದ ಮುಂದೆ ಲೆಕ್ಕದ ಮೇಷ್ಟರಿಗೂ ತಲೆ ತಿರುಗಿಸುವ ಅಧ್ಯಾಯ. 198 ವಾರ್ಡುಗಳಿಗೇ ಚುನಾವಣೆ ನಡೆಸಿರೆಂದು 2020ರ ಡಿಸೆಂಬರಿನಲ್ಲಿ ಹೈಕೋರ್ಟು ಆದೇಶಿಸಿತು. ಅದೇ ತಿಂಗಳು ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಹೊಸ ಕಾಯಿದೆ ಬಂದು 2022ರಲ್ಲಿ ವಾರ್ಡುಗಳು 243 ಆದವು. ಸರ್ಕಾರ ಬದಲಾಗಿ 2023ರಲ್ಲಿ ಅವು 225ಕ್ಕೆ ಇಳಿದವು. 2024ರ ಗ್ರೇಟರ್ ಬೆಂಗಳೂರು ಕಾಯಿದೆಯು 2025ರ ಮೇ ತಿಂಗಳಲ್ಲಿ ಜಾರಿಗೆ ಬಂದು, ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಯಿತು. ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ದಿಕ್ಕುಗಳೇ ಹೆಸರಾದವು. ನವೆಂಬರಿನಲ್ಲಿ ವಾರ್ಡುಗಳ ಸಂಖ್ಯೆ 369 ಎಂದು ನಿಗದಿಯಾಯಿತು. ಗೆರೆಗಳನ್ನು ಎಳೆಯುವುದೂ ಅಳಿಸುವುದೂ ಇಷ್ಟೆಲ್ಲ ಶ್ರದ್ಧೆಯಿಂದ ನಡೆದ ಆ ಐದು ವರ್ಷಗಳಲ್ಲಿ, ಕೆಂಪೇಗೌಡ ಪೌರಸಭಾಂಗಣದ ಕುರ್ಚಿಗಳಲ್ಲಿ ಜನರು ಚುನಾಯಿಸಿದ ಒಬ್ಬ ಸದಸ್ಯನೂ ಕುಳಿತಿರಲಿಲ್ಲ.

ಇದು ರಾಜಧಾನಿಯೊಂದರ ದುರದೃಷ್ಟವೂ ಅಲ್ಲ. ಹುಬ್ಬಳ್ಳಿ-ಧಾರವಾಡದ ಪಾಲಿಕೆಯ ಅವಧಿ 2019ರಲ್ಲಿ ಮುಗಿದು, ಚುನಾವಣೆ ನಡೆದದ್ದು 2021ರ ಸೆಪ್ಟೆಂಬರಿನಲ್ಲಿ. ಅದೇ ದಿನ ಮತದಾನವಾದ ಬೆಳಗಾವಿಯಲ್ಲಿ ಗೆದ್ದವರು ಮೇಯರನ್ನು ಆರಿಸಲು 2023ರ ಫೆಬ್ರವರಿಯವರೆಗೆ ಕಾಯಬೇಕಾಯಿತು. ಮದುವೆಯಾಗಿ ಒಂದೂವರೆ ವರ್ಷ ಹತ್ತಿರವಾದರೂ ಗೃಹಪ್ರವೇಶವಿಲ್ಲವೆಂದರೆ ಯಾವ ಬೀಗರು ಸುಮ್ಮನಿದ್ದಾರು? ಊರಿನವರು ಮಾತ್ರ ಸುಮ್ಮನಿದ್ದರು.

ಸುಮ್ಮನಿದ್ದುದಕ್ಕೆ ಕಾರಣವೂ ಉಂಟು. ಮಧ್ಯಮವರ್ಗದ ಮನೆಗಳಲ್ಲಿ ಈ ವಿಷಯ ಬಂದಾಗ ಒಂದು ಮಾತು ಕೇಳಿಬರುವುದು ಸಹಜ. 'ಕಾರ್ಪೊರೇಟರುಗಳಿಲ್ಲದಿದ್ದರೆ ಒಳ್ಳೆಯದೇ ಆಯಿತು. ಇದ್ದಾಗ ಮಾಡಿದ್ದಾದರೂ ಏನು? ಕಂಟ್ರಾಕ್ಟುಗಳಿಗಾಗಿ ಕಚ್ಚಾಟ, ಸಭೆಯಲ್ಲಿ ಕೂಗಾಟ. ಅಧಿಕಾರಿಗಳಾದರೆ ಕೆಲಸವನ್ನಾದರೂ ಮಾಡುತ್ತಾರೆ.' ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ಯಾರೂ ಹೇಳಲಾರರು. ಸಭೆಗಳಲ್ಲಿ ನಡೆದ ಅನೇಕ ಪ್ರಸಂಗಗಳು ನಾಗರಿಕರು ತಲೆ ತಗ್ಗಿಸುವಂಥವು. ಸದಸ್ಯರ ಕೈಯಲ್ಲಿದ್ದ ಅಧಿಕಾರವೂ ಕಾಲಕ್ರಮದಲ್ಲಿ ಸವೆದುಹೋಯಿತು. 1964ರಲ್ಲಿ ನೀರೂ ಒಳಚರಂಡಿಯೂ ಮಂಡಲಿಯ ಪಾಲಾದವು. 1976ರಲ್ಲಿ ಬಡಾವಣೆಗಳ ನಿರ್ಮಾಣ ಅಭಿವೃದ್ಧಿ ಪ್ರಾಧಿಕಾರದ ಪಾಲಾಯಿತು. ಕೊಳಾಯಿಯಲ್ಲಿ ನೀರು ಬಾರದಿದ್ದರೂ ಬೈಗುಳ ಮಾತ್ರ ಕಾರ್ಪೊರೇಟರಿಗೇ ಸಂದಿತು.

ಆದರೆ ಅಡುಗೆಯವನು ಉಪ್ಪು ಹೆಚ್ಚು ಹಾಕಿದನೆಂದು ಒಲೆಯನ್ನೇ ಕೆಡವುವುದುಂಟೆ? ಕೆಟ್ಟ ಸದಸ್ಯನನ್ನು ತೆಗೆಯಲು ಚುನಾವಣೆಯೇ ಇರುವ ಸಾಧನ. ಆ ಸಾಧನವನ್ನೇ ಮುಂದೂಡಿದರೆ ಕೆಟ್ಟವನು ಹೋಗುವುದಿರಲಿ, ಒಳ್ಳೆಯವನಿಗೂ ಬಾಗಿಲು ಮುಚ್ಚುತ್ತದೆ. ಅಧಿಕಾರಿಗಳ ಕಾಲದಲ್ಲಿ ಕೆಲಸವಾಯಿತೆಂದರೆ ಅದು ಆ ಅಧಿಕಾರಿಯ ಒಳ್ಳೆಯತನ. ಆಗದಿದ್ದರೆ ಪೌರನು ಮಾಡಬಲ್ಲದ್ದು ಅರ್ಜಿ ಬರೆಯುವುದಷ್ಟೆ.

ನಷ್ಟವಾದದ್ದೇನೆಂಬುದನ್ನು ಲೆಕ್ಕದಲ್ಲಿಯೇ ನೋಡಬಹುದು. 2024-25ನೆಯ ಸಾಲಿನ ಪಾಲಿಕೆಯ ಆಯವ್ಯಯ 12 ಸಾವಿರ ಕೋಟಿ ರೂಪಾಯಿಗೂ ಮೀರಿದ್ದು. 2025-26ರದ್ದು 19 ಸಾವಿರ ಕೋಟಿಗೂ ಮೀರಿದ್ದು. ಇವೆರಡನ್ನೂ ಮಂಡಿಸಿದವರೂ ಒಪ್ಪಿದವರೂ ಅಧಿಕಾರಿಗಳೇ. ಆ ಹಣದಲ್ಲಿ ಪ್ರತಿಯೊಂದು ಮನೆಯ ಕಂದಾಯವೂ ಸೇರಿದೆ. ತಿಂಗಳ ಸಾಮಾನಿನ ಚೀಟಿಯನ್ನು ಎರಡು ಸಲ ಕೂಡಿ ನೋಡುವ ಗೃಹಿಣಿಯು ಪಾಲಿಕೆಯ ಚೀಟಿಯನ್ನು ಒಮ್ಮೆಯೂ ನೋಡದೆ ಹಣ ಕಟ್ಟುತ್ತಾಳೆಂಬುದು ವಿಚಿತ್ರವಾದರೂ ನಿಜ. ಆ ರಸೀತಿಯಲ್ಲಿ ತೆರಿಗೆಯ ಜೊತೆಗೆ ಕರಗಳೂ ಇವೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಅದರಲ್ಲೊಂದು. ಅದು ಬಡಾವಣೆಯ ಗ್ರಂಥಾಲಯಕ್ಕೆ ಎಷ್ಟು ಬಂದಿತು, ಹೊಸ ಪುಸ್ತಕ ಎಷ್ಟು ಬಂದವು ಎಂದು ಸಭೆಯಲ್ಲಿ ಎದ್ದು ಕೇಳಬೇಕಾದವನು ಸದಸ್ಯ. ಆ ಸದಸ್ಯನೇ ಇಲ್ಲವೆಂದರೆ, ಕೇಳುವವರಿಲ್ಲದ ಮನೆಯ ಲೆಕ್ಕದಂತೆ ಊರಿನ ಲೆಕ್ಕವೂ ನಡೆಯುತ್ತದೆ.

ಇನ್ನೊಂದು ನಷ್ಟವು ಸ್ತ್ರೀಯರಿಗೆ ಸಂಬಂಧಿಸಿದ್ದು. 2015ರ ಚುನಾವಣೆಯಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ಪುರಪಿತೃಗಳೆಂಬ ಹಳೆಯ ಹೆಸರು ಅಲ್ಲಿಗೆ ಅರ್ಧ ಸುಳ್ಳಾಗಿ, ಪುರಮಾತೆಯರು ಸಭೆಗೆ ಬಂದರು. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಕಸದ ಗಾಡಿ ಯಾವ ದಿನ ತಪ್ಪಿತು, ಶಾಲೆಯ ದಾರಿಯಲ್ಲಿ ಯಾವ ಚಪ್ಪಡಿ ಸಡಿಲವಾಗಿದೆ ಎಂಬುದು ಅವರಿಗೆ ತಿಳಿದಷ್ಟು ಬೇರೆ ಯಾರಿಗೆ ತಿಳಿದೀತು? ಅವರಲ್ಲಿ ಕೆಲವರ ಹೆಸರಿನಲ್ಲಿ ಗಂಡಂದಿರು ಕಾರುಬಾರು ಮಾಡಿದ್ದೂ ಉಂಟು. ಆದರೆ ಅಭ್ಯಾಸವಾದಂತೆ ದನಿ ಬರುತ್ತದೆ. ಆ ಅಭ್ಯಾಸದ ಕಾಲವೇ ಐದು ವರ್ಷಗಳಷ್ಟು ಕಡಿದುಹೋಯಿತು.

ಇನ್ನು ಪೌರರ ಪಾಲಿನ ತಪ್ಪನ್ನು ಮರೆಮಾಚಬಾರದು. 2010ರ ಚುನಾವಣೆಯಲ್ಲಿ ಬೆಂಗಳೂರಿನಲ್ಲಿ ಮತ ಹಾಕಿದವರು ನೂರಕ್ಕೆ 44 ಮಂದಿ. 2015ರಲ್ಲಿ ಸುಮಾರು 49 ಮಂದಿ. ಅರ್ಧಕ್ಕಿಂತ ಹೆಚ್ಚು ಜನ ರಜೆಯ ದಿನವೆಂದು ಮನೆಯಲ್ಲಿ ಉಳಿದ ಊರಿನಲ್ಲಿ, ಚುನಾವಣೆ ನಡೆಯದಿದ್ದರೆ ಗೊಣಗುವವರು ಯಾರು ಎಂದು ಸರ್ಕಾರಗಳು ಭಾವಿಸಿದರೆ ಆಶ್ಚರ್ಯವೇನು? ಬೇಡಿಕೆಯಿಲ್ಲದ ಸರಕನ್ನು ಯಾವ ಅಂಗಡಿಯವನೂ ಮುಂದೆ ಜೋಡಿಸಿಡುವುದಿಲ್ಲ. ಆಳುವ ಪಕ್ಷ ಯಾವುದೇ ಇರಲಿ, ತನ್ನ ಅಧಿಕಾರದಲ್ಲಿ ಪಾಲು ಕೇಳುವ ಸಭೆಯೊಂದು ಬೇಗನೆ ಬರಲೆಂದು ಹಾರೈಸಿದ ನಿದರ್ಶನ ವಿರಳ. ಹಾರೈಸಬೇಕಾದವರು ಪೌರರು.

ಮತದಾನಕ್ಕೂ ಹತ್ತಿರದ ಇನ್ನೊಂದು ಸಾಧನವಿದೆ. ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ಊರುಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂಬುದು ಅದೇ 74ನೆಯ ತಿದ್ದುಪಡಿಯ ಇಚ್ಛೆ. ಕರ್ನಾಟಕದ ಕಾಯಿದೆಗೆ 2011ರಲ್ಲಿ ಆದ ತಿದ್ದುಪಡಿಯು ಕಾರ್ಪೊರೇಟರ ಅಧ್ಯಕ್ಷತೆಯಲ್ಲಿ ಹತ್ತು ಮಂದಿಯ ಸಮಿತಿಯನ್ನು ಹೇಳಿತು. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಪಂಗಡಗಳವರು, ಇಬ್ಬರು ನಿವಾಸಿಗಳ ಸಂಘಗಳವರು. ಕಾಗದದ ಮೇಲಿದ್ದ ಈ ಸಮಿತಿಗಳಿಗೆ ಬೆಂಗಳೂರಿನಲ್ಲಿ ಜೀವ ಬಂದದ್ದು ನ್ಯಾಯಾಲಯದ ಒತ್ತಾಯದಿಂದ. 2018ರ ಕೊನೆಗೆ ಪ್ರತಿ ತಿಂಗಳ ಮೊದಲನೆಯ ಶನಿವಾರ ಸಭೆ ಸೇರಬೇಕೆಂದು ನಿಗದಿಯಾಯಿತು. 2020ರಲ್ಲಿ ಕಾರ್ಪೊರೇಟರೇ ಇಲ್ಲವಾದಾಗ ಸಮಿತಿಗಳೂ ಅಧ್ಯಕ್ಷರನ್ನು ಕಳೆದುಕೊಂಡು, ಅಧಿಕಾರಿಗಳು ಸಭೆ ನಡೆಸುವಂತಾಯಿತು. ಆದರೂ ಆ ಅಲ್ಪಕಾಲದಲ್ಲಿ ಒಂದು ವಿಷಯ ಸಿದ್ಧವಾಯಿತು. ನಿವೃತ್ತ ಎಂಜಿನಿಯರು, ಹೂ ಮಾರುವಾಕೆ, ಶಾಲೆಯ ಉಪಾಧ್ಯಾಯಿನಿ ಒಂದೇ ಮೇಜಿನ ಸುತ್ತ ಕುಳಿತು ತಮ್ಮ ಬೀದಿಯ ವಿಷಯ ಮಾತನಾಡಲು ಕಾನೂನಿನಲ್ಲಿ ಜಾಗವಿದೆ; ಆ ಜಾಗಕ್ಕೆ ಹೋಗಿ ಕೂರುವವರು ಬೇಕು.

ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಸ್ವರಾಜ್ಯ ಬರುವುದಕ್ಕೆ ಎರಡು ವರ್ಷ ಮೊದಲೇ, ಸ್ವರಾಜ್ಯವನ್ನು ನಡೆಸಬಲ್ಲ ಪೌರನನ್ನು ತಯಾರಿಸುವ ಚಿಂತೆ ಅವರದು. ಪ್ರಭುತ್ವವನ್ನು ಪಡೆಯುವುದು ಒಂದು ದಿನದ ಕೆಲಸ. ಪ್ರಭುವಾಗಿ ನಡೆದುಕೊಳ್ಳುವುದು ದಿನದಿನದ ಕೆಲಸ. ಆ ದಿನದಿನದ ಕೆಲಸದ ಪಾಠಶಾಲೆ ವಿಧಾನಸೌಧವಲ್ಲ, ಪೌರಸಭೆ. ಮೋರಿಯ ವಿಷಯದಲ್ಲಿ ಪ್ರಶ್ನೆ ಕೇಳಲು ಕಲಿಯದವನು ರಾಜ್ಯದ ವಿಷಯದಲ್ಲಿ ಏನನ್ನು ಕೇಳಿಯಾನು?

ಪಾಲಿಕೆ ಒಂದಿರಬೇಕೆ ಐದಿರಬೇಕೆ, ವಾರ್ಡು ಚಿಕ್ಕದಿರಬೇಕೆ ದೊಡ್ಡದಿರಬೇಕೆ ಎಂಬುದನ್ನು ಪಂಡಿತರು ಚರ್ಚಿಸಲಿ. ಎರಡು ಕಡೆಗೂ ನ್ಯಾಯವಾದ ವಾದಗಳಿವೆ. ಆದರೆ ಗಡಿಯ ಚರ್ಚೆ ಮುಗಿಯುವವರೆಗೆ ಸಭೆಯೇ ಬೇಡವೆಂಬ ವಾದಕ್ಕೆ ಸಂವಿಧಾನದಲ್ಲಿ ಆಧಾರವಿಲ್ಲ. ಊರಿನ ಯಾವ ಮನೆಯಲ್ಲಿ ಚುನಾವಣೆಯ ಮಾತು ಬಂದರೂ, ಯಾವ ಪಕ್ಷ ಗೆದ್ದೀತು ಎಂದು ಕೇಳುವ ಮೊದಲು, ಅದು ಕಾಲಕ್ಕೆ ಸರಿಯಾಗಿ ನಡೆಯಿತೇ ಎಂದು ಕೇಳುವ ರೂಢಿ ಬರಬೇಕು. ಮಕ್ಕಳ ಪರೀಕ್ಷೆ ಒಂದು ವಾರ ಮುಂದೆ ಹೋದರೆ ಶಾಲೆಯ ಬಾಗಿಲಿಗೆ ಓಡುವ ತಂದೆತಾಯಿಗಳು, ಊರಿನ ಪರೀಕ್ಷೆ ಐದು ವರ್ಷ ಮುಂದೆ ಹೋದರೂ ಸುಮ್ಮನಿರುವುದು ಇನ್ನು ಸಾಕು.