ಬಾಲಿಕೆಯರ ಎಲುಬಿನ ಬಲವೂ ಆಟದ ಗಂಟೆಯೂ

ಹೆಣ್ಣುಮಕ್ಕಳ ವಿದ್ಯಾಭ್ಯಾಸದಲ್ಲಿ ಅಂಗಸಾಧನೆಗೂ ಸ್ಥಾನವಿರಬೇಕೆಂಬುದನ್ನು ಬಾಯಿಮಾತಿನಲ್ಲಿ ಒಪ್ಪದವರಿಲ್ಲ. ಆದರೆ ಪರೀಕ್ಷೆ ಸಮೀಪಿಸಿದೊಡನೆ ಮೊದಲು ಕೈಬಿಟ್ಟುಹೋಗುವುದು ಆಟದ ಗಂಟೆಯೇ. ಮೈನೆರೆದ ಮಗಳಿಗೆ ಓಟವೂ ನೆಗೆತವೂ ತಕ್ಕವಲ್ಲವೆಂದು ಕೆಲವು ತಾಯಂದಿರು ಎಣಿಸುವರು. ಕಾಲಿನಲ್ಲಿ ಬಲವಿಲ್ಲದವಳೂ ಕಣ್ಣು ಕಾಣದವಳೂ ಜಗಲಿಯ ಮೇಲೆ ಕುಳಿತು ಗೆಳತಿಯರ ಚೀಲಗಳನ್ನು ಕಾಯುವುದು ಸಹಜವೆಂದೇ ಬಹುಮಂದಿಯ ಭಾವನೆ. ಈ ಮೂರು ಅಭಿಪ್ರಾಯಗಳೂ ಹೆಣ್ಣುಮಕ್ಕಳಿಗೆ ಹಾನಿಕರವಾದುವು.

ಎಲುಬು ಕಲ್ಲಿನಂತೆ ಜಡವಾದ ವಸ್ತುವಲ್ಲ. ಭಾರ ಬಿದ್ದಲ್ಲಿ ಅದು ಗಟ್ಟಿಯಾಗುವುದು, ಬೀಳದಲ್ಲಿ ಸವೆಯುವುದು. ಜರ್ಮನಿಯ ಶಸ್ತ್ರವೈದ್ಯರಾದ ಯೂಲಿಯುಸ್ ವೋಲ್ಫರು 1892ರಲ್ಲಿಯೇ ಈ ನಿಯಮವನ್ನು ಗ್ರಂಥರೂಪವಾಗಿ ಪ್ರಕಟಿಸಿದರು. ಭಾರವೇ ತಿಳಿಯದ ಅಂತರಿಕ್ಷದಲ್ಲಿ ವಾಸಮಾಡುವವರ ಸೊಂಟದ ಎಲುಬು ತಿಂಗಳಿಗೆ ನೂರಕ್ಕೆ ಒಂದು ಪಾಲಿನಷ್ಟು ಸವೆಯುವುದುಂಟು. ಇನ್ನು, ಎಲುಬಿನಲ್ಲಿ ಸೇರಬೇಕಾದ ಖನಿಜದ ಕಾಲುಭಾಗದಷ್ಟು, ಮೈ ಭರದಿಂದ ಬೆಳೆಯುವ ಎರಡು ವರ್ಷಗಳಲ್ಲಿಯೇ ಸಂಗ್ರಹವಾಗುತ್ತದೆ. ಬಾಲಿಕೆಯರಿಗೆ ಅದು ಸುಮಾರು 12, 13ರ ವಯಸ್ಸು. ಅಂದರೆ ಅವರನ್ನು ಆಟದಿಂದ ಬಿಡಿಸುವ ವಯಸ್ಸೇ. ಆಗ ಕೂಡಿಡದ ಗಂಟು ಮುಪ್ಪಿನಲ್ಲಿ ಕೈಗೆ ದೊರೆಯದು.

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ನಮ್ಮ ಅಜ್ಜಿಯರು ರಾಗಿ ಬೀಸಿ, ಭತ್ತ ಕುಟ್ಟಿ, ನೀರು ಹೊತ್ತು ದಣಿದರು. ಆ ದಣಿವು ಮರಳಿ ಬರಲೆಂದು ಯಾರೂ ಬಯಸಬೇಕಾಗಿಲ್ಲ. ಗಿರಣಿಯೂ ನಲ್ಲಿಯೂ ಬಸ್ಸೂ ಬಂದು ಮಕ್ಕಳಿಗೆ ಓದಲು ಬಿಡುವಾದುದು ಸಂತೋಷದ ವಿಷಯವೇ. ಆ ಬಿಡುವಿನಲ್ಲಿ ಒಂದು ಪಾಲು ದೇಹಕ್ಕೂ ಸಲ್ಲಬೇಕು. ಅದಕ್ಕೆ ಹಣ ಬೇಕಾಗಿಲ್ಲ. ಕುಂಟೆಬಿಲ್ಲೆ, ಹಗ್ಗದಾಟ, ಖೋಖೋ ಮುಂತಾದ, ಪಾದವು ನೆಲವನ್ನು ಅಪ್ಪಳಿಸುವ ಆಟಗಳೇ ಎಲುಬಿಗೆ ಹೆಚ್ಚು ಬಲಕೊಡತಕ್ಕವು. ಬಿಸಿಲಿನಲ್ಲಿ ಆಡಿದರೆ ಇನ್ನೂ ಮೇಲು. ಆಹಾರಕ್ಕೆ ನಮ್ಮ ಹೊಲದ ರಾಗಿಯೇ ಇದೆ. ಅದರ 100 ಗ್ರಾಮಿನಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದ ಅಂಶವುಂಟು.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಅಂಗಸಾಧನೆ ಬೇಕೆಂದೂ, ವಾರದಲ್ಲಿ 3 ದಿನವಾದರೂ ಎಲುಬನ್ನು ಬಲಪಡಿಸುವ ಆಟಗಳಿರಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅಂಗವಿಕಲತೆಯುಳ್ಳ ಮಕ್ಕಳಿಗೂ ಇದೇ ಅಳತೆಯೆಂದು 2020ರಲ್ಲಿ ಸ್ಪಷ್ಟಪಡಿಸಿತು. ಇದು ನ್ಯಾಯವೇ ಸರಿ. ಭಾರ ಹೊರದ ಕಾಲಿನ ಎಲುಬೇ ಬೇಗ ಸವೆಯುವುದಾದ್ದರಿಂದ, ಆ ಬಾಲಿಕೆಗೆ ಸಾಧನೆಯ ಅಗತ್ಯ ಇತರರಿಗಿಂತ ಹೆಚ್ಚು. ಗಾಲಿಕುರ್ಚಿಯವಳು ಚೆಂಡೆಸೆಯಲಿ, ವೈದ್ಯರ ಸಲಹೆಯಂತೆ ಆಸರೆ ಹಿಡಿದು ನಿಲ್ಲಲಿ. ಕಿವಿ ಕೇಳಿಸದವಳಿಗೆ ಸೀಟಿಗೆ ಬದಲು ಬಾವುಟ ಬೀಸಿದರಾಯಿತು. ಕಣ್ಣು ಕಾಣದವಳು ಗೆಳತಿಯೊಡನೆ ಒಂದೇ ದಾರ ಹಿಡಿದು ಓಡಲಿ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಅವರು ಹೀಗೆಯೇ ಓಡಿ, 2018ರ ಏಷ್ಯನ್ ಪ್ಯಾರಾ ಕ್ರೀಡೆಗಳಲ್ಲಿ 1500 ಮೀಟರ್ ಓಟದ ಚಿನ್ನದ ಪದಕವನ್ನು ಪಡೆದರು. ಎಲ್ಲರಿಗೂ ಪದಕ ಬರಬೇಕಾಗಿಲ್ಲ. ಎಲ್ಲರಿಗೂ ಎಲುಬು ಗಟ್ಟಿಯಾಗಬೇಕು.

ಆದಕಾರಣ ತಂದೆತಾಯಿಗಳಲ್ಲಿ ಒಂದು ವಿಜ್ಞಾಪನೆ. "ನಮ್ಮ ಹುಡುಗಿಯನ್ನು ಆಟದಿಂದ ಬಿಡಿಸಿರಿ" ಎಂಬ ಪತ್ರವನ್ನು ದಯವಿಟ್ಟು ಬರೆಯದಿರಿ. ರೋಗವೋ ಎಲುಬಿನ ದೌರ್ಬಲ್ಯವೋ ಇದ್ದಲ್ಲಿ, ಯಾವ ಸಾಧನೆ ಅವಳಿಗೆ ತಕ್ಕದ್ದೆಂದು ವೈದ್ಯರಿಂದ ಬರೆಯಿಸಿ ಕಳುಹಿಸಿರಿ. ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಕಾಣಿಕೆ ಕೊಡಬಯಸಿದರೆ, ಗೆಜ್ಜೆ ಕಟ್ಟಿದ ಚೆಂಡು, ನಾಲ್ಕು ಹಗ್ಗ, ಗಾಲಿಕುರ್ಚಿ ಸಾಗುವಂತೆ ಸಮಮಾಡಿದ ಒಂದು ತುಂಡು ನೆಲ, ಇವಿಷ್ಟೇ ಸಾಕು. ಆಟದ ಗಂಟೆ ಬಾರಿಸಿದಾಗ ಜಗಲಿಯು ಬರಿದಾಗಿರಲಿ.